ಇನ್ನೊಬ್ಬಳ ಪಾಲಿನ ಕಲ್ಲು

ಹೋಬೋಕನ್ನಿನ ನಮ್ಮ ಬೀದಿಯ ಲಾಂಡ್ರಿ ಅಂಗಡಿಯವಳಿಗೂ ನನಗೂ ಜಗಳ ಹುಟ್ಟಿದ್ದು ಕಲ್ಲಿನಿಂದ. ನಮ್ಮ ಬಟ್ಟೆ ಹಾಕಿದ ಮೆಷಿನ್ ಮಾತ್ರ ಗಡಗಡ ಎಂದು ಜೋಳ ಬೀಸಿದ ಹಾಗೆ ಸದ್ದು ಮಾಡುತ್ತಿತ್ತು. ತೆರೆದು ನೋಡಿದರೆ ನನ್ನ ನಾಲ್ಕು ವರ್ಷದ ಮಗಳ ಜಾಕೆಟ್ಟಿನ ಜೇಬಿನಿಂದ ಉದುರಿದ ಬೆಣಚು ಕಲ್ಲುಗಳು. ಬೈದೆ, ಜೇಬು ಹೊಲಿದುಬಿಡುತ್ತೇನೆಂದು ಹೆದರಿಸಿದೆ, ಸಿಕ್ಕ ಕಲ್ಲನ್ನೆಲ್ಲ ಕಸದ ಬುಟ್ಟಿಗೆ ಎಸೆದೆ. ಮರುವಾರ ಮತ್ತೆ ಗಡಗಡ. ಕೆಲವು ಮಕ್ಕಳು ಬೊಂಬೆ ಕೂಡಿಡುತ್ತಾರೆ, ನನ್ನದು ಕಲ್ಲು ಕೂಡಿಡುತ್ತದೆ, ಪಡೆದುಕೊಂಡು ಬಂದದ್ದು ಎಂದು ಸುಮ್ಮನಾದೆ.

ಆಗ ಊರೆಲ್ಲ ಕಂಪ್ಯೂಟರಿಗೆ ಕೈ ಹಾಕಿದ್ದ ಕಾಲ. ಎರಡು ಸಾವಿರ ಇಸವಿ ಬಂದರೆ ಮೆಷಿನ್ನುಗಳೆಲ್ಲ ತಲೆಕೆಟ್ಟು ಲೋಕ ಮುಳುಗುತ್ತದೆ ಎಂದು ಹೆದರಿ ಅಮೆರಿಕದವರು ನಮ್ಮನ್ನೆಲ್ಲ ಕರೆಸಿಕೊಂಡಿದ್ದರು. ಲೋಕ ಮುಳುಗಲಿಲ್ಲ, ನಾವು ಉಳಿದುಕೊಂಡೆವು. ನಾನೂ ನನ್ನ ಗಂಡನೂ ದಿನಾ ಟ್ರೈನ್ ಹಿಡಿದು ನದಿಯ ಅಡಿಯಿಂದ ಮ್ಯಾನ್‌ಹಟನ್ನಿಗೆ ಹೋಗುತ್ತಿದ್ದೆವು. ಮಗಳನ್ನು ನೋಡಿಕೊಳ್ಳಲು ಕ್ವೀನ್ಸಿನಿಂದ ಎರಡು ಟ್ರೈನ್ ಬದಲಿಸಿ ಒಬ್ಬಳು ಬರುತ್ತಿದ್ದಳು. ಟಿಬೆಟ್ಟಿನವಳು, ಹುಟ್ಟಿ ಬೆಳೆದದ್ದೆಲ್ಲ ಹಿಮಾಚಲದಲ್ಲಿ. ನನ್ನದೇ ವಯಸ್ಸು, ನನಗಿಂತ ಗಟ್ಟಿ ಕೈ, ನನಗಿಂತ ಮೆತ್ತಗಿನ ಬಾಯಿ. ನನ್ನನ್ನು ದೀದಿ ಎನ್ನುತ್ತಿದ್ದಳು. ನಮ್ಮಿಬ್ಬರ ಮಾತು ಹಿಂದಿಯಲ್ಲಿ. ಅವಳದು ಗುಡ್ಡಗಾಡಿನ ಹಿಂದಿ, ನನ್ನದು ಹುಬ್ಬಳ್ಳಿ-ಧಾರವಾಡದ ಹಿಂದಿ. ದಿಲ್ಲಿಯವರು ಯಾರಾದರೂ ಕೇಳಿಸಿಕೊಂಡಿದ್ದರೆ ಇಬ್ಬರನ್ನೂ ಸೇರಿಸಿ ಒಳಗೆ ಹಾಕಿಸುತ್ತಿದ್ದರು.

ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಒಂದು ಸತ್ಯನಾರಾಯಣ ಪೂಜೆಗೆ ಹೋದಾಗ ಮೈಸೂರು ಕಡೆಯ ಆಂಟಿಯೊಬ್ಬರು, "ಭಾಷೆ ಗೊತ್ತಿಲ್ದೋರ ಕೈಲಿ ಮಗೂನ ಬಿಟ್ಟಿದ್ದೀಯಲ್ಲಮ್ಮಾ, ನಮ್ ಕಡೆಯೋರು ಯಾರೂ ಸಿಗ್ಲಿಲ್ವಾ?" ಎಂದು ಕೇಳಿದ್ದರು. "ಮಗು ಅವಳನ್ನ ಬಿಟ್ಟು ಇರಲ್ಲ ಆಂಟಿ, ನಮ್ಮನ್ನಾದ್ರೆ ಬಿಟ್ಟು ಇರುತ್ತೆ" ಎಂದೆ. ನಗೆಯಾಡಿದ್ದೇನೋ ನಿಜ, ಆದರೆ ಸುಳ್ಳು ಹೇಳಿರಲಿಲ್ಲ.

ಅವಳಿಗೆ ಒಂದು ಅಭ್ಯಾಸವಿತ್ತು. ನಮ್ಮ ಮನೆಯ ಎದುರಿಗಿದ್ದ ಪಾರ್ಕನ್ನೂ ಅದರ ಪಕ್ಕದ ಚರ್ಚನ್ನೂ ಸೇರಿಸಿ ದಿನಾ ಮಗುವನ್ನು ಸುತ್ತು ಹಾಕಿಸುತ್ತಿದ್ದಳು. ಮಳೆಯಾಗಲಿ, ಸ್ನೋ ಆಗಲಿ, ತಪ್ಪುತ್ತಿರಲಿಲ್ಲ. ಅದೂ ಯಾವಾಗಲೂ ಪಾರ್ಕು ಬಲಗೈಗೆ ಬರುವಂತೆ, ಪ್ರದಕ್ಷಿಣೆ ಹಾಕುವ ಹಾಗೆ. ಭಾನುವಾರ ನಾನು ಮಗಳನ್ನು ಕರೆದುಕೊಂಡು ಅದಕ್ಕೆ ಉಲ್ಟಾ ಹೊರಟರೆ ಅವಳು ರಸ್ತೆಯಲ್ಲೇ ಕೂತು, "ನಾಟ್ ದಟ್ ವೇ, ಅಮ್ಮಾ!" ಎಂದು ಊರು ಸೇರಿಸುತ್ತಿದ್ದಳು. ಈ ವಯಸ್ಸಿನ ಮಕ್ಕಳಿಗೆ ಎಲ್ಲ ಒಂದೇ ಥರ ಇರಬೇಕು, ಗಾಬರಿಯಾಗಬೇಡಿ ಎಂದು ಮಕ್ಕಳ ಡಾಕ್ಟರ್ ಸಮಾಧಾನ ಹೇಳಿದ್ದರು.

"ಚರ್ಚಿಗೆ ಪ್ರದಕ್ಷಿಣೆ ಹಾಕ್ತೀಯಲ್ಲ, ಅಲ್ಲಿರೋದು ನಿಮ್ಮ ದೇವರಲ್ಲವಲ್ಲ?" ಎಂದು ಒಮ್ಮೆ ರೇಗಿಸಿದೆ.

"ಒಳಗೆ ಯಾರಿದ್ದರೂ ಸರಿ ದೀದಿ, ಸುತ್ತ ನಡೆದರೆ ಅವರು ಬೇಡ ಅನ್ನಲ್ಲ" ಎಂದಳು. "ಸುಮ್ಮನೆ ನೆಟ್ಟಗೆ ನಡೆದರೆ ಕಾಲು ನೋಯುತ್ತೆ. ಸುತ್ತು ಬಂದರೆ ನೋಯಲ್ಲ."

ಅವಳಿಗೂ ಒಬ್ಬ ಮಗಳಿದ್ದಳು. ಗಂಡ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಆ ಹುಡುಗಿಯನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಅಮೆರಿಕಕ್ಕೆ ಬಂದಿದ್ದಳು. ಬಂದವಳು ಆಶ್ರಯ ಕೇಳಿ ಹಾಕಿದ ಕೇಸು ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಹುಡುಗಿಗೆ ಹತ್ತು ವರ್ಷ. ಕೊನೆಗೊಮ್ಮೆ ಕೇಸು ಗೆದ್ದಳು. ಇನ್ನು ಮಗಳನ್ನು ಕರೆಸಿಕೊಳ್ಳಬಹುದಿತ್ತು. ಆದರೆ ತಾನೇ ಹೋಗಿ ಬರಬೇಕಾದರೆ ಬೇರೆ ಕಾಗದ ಬೇಕು, ಅದಕ್ಕಿನ್ನೂ ಕಾಯಬೇಕು ಎಂದು ಲಾಯರು ಹೇಳಿದ್ದ. ಅಲ್ಲಿಂದ ಬರುವ ಪರಿಚಯದವರ ಜೊತೆ ಹುಡುಗಿಯನ್ನು ಕಳಿಸುವುದು ಎಂದು ಎಲ್ಲರೂ ಮಾತಾಡಿಕೊಂಡಿದ್ದರು.

ಆ ಡಿಸೆಂಬರಿನಲ್ಲಿ ನಾನು ಮಗಳೊಂದಿಗೆ ಊರಿಗೆ ಹೊರಟಿದ್ದೆ. ಗಂಡನಿಗೆ ಪ್ರಾಜೆಕ್ಟು ಕುತ್ತಿಗೆಗೆ ಬಂದಿದ್ದರಿಂದ ರಜೆ ಇಲ್ಲ. ಒಂದು ಸಂಜೆ ನಾನು ಆಫೀಸಿನಿಂದ ಬಂದ ಮೇಲೂ ಅವಳು ಕೋಟು ಹಾಕಿಕೊಳ್ಳದೆ ಅಡುಗೆಮನೆಯಲ್ಲೇ ನಿಂತಿದ್ದಳು.

"ದೀದಿ, ಒಂದು ಕೆಲಸ ಮಾಡ್ತೀರಾ? ನಮ್ಮೂರಿಗೆ ಹೋಗಿ ನನ್ನ ಮಗಳನ್ನ ನೋಡಿ ಬರ್ತೀರಾ?" ಎಂದಳು. "ಫೋನಿನಲ್ಲಿ ಹಾಂ, ನಹೀಂ, ಠೀಕ್ ಹೈ, ಇಷ್ಟೇ ಅವಳ ಮಾತು. ಈ ಮೂರು ಮಾತಿನಲ್ಲಿ ನನ್ನ ಮಗಳನ್ನ ಎಲ್ಲಿ ಅಂತ ಹುಡುಕಲಿ? ನನ್ನಮ್ಮನನ್ನ ಕೇಳಿದರೆ ನನಗೆ ಬೇಜಾರಾಗುತ್ತೆ ಅಂತ ಎಲ್ಲ ಚೆನ್ನಾಗಿದೆ ಅಂತಾರೆ. ನೀವು ನೋಡಿ ಹೇಳಿ. ಬಾ ಅಂತ ಒತ್ತಾಯ ಮಾಡಬೇಡಿ. ಅಮೆರಿಕ ಹಾಗಿದೆ ಹೀಗಿದೆ ಅನ್ನಬೇಡಿ. ಅವಳಿಗೆ ನನ್ನ ಹತ್ತಿರ ಬರೋ ಮನಸ್ಸಿದೆಯಾ, ಅಷ್ಟು ಮಾತ್ರ."

"ಇಲ್ಲದಿದ್ದರೆ?"

"ಇಲ್ಲದಿದ್ದರೆ ಎಲ್ಲ ಬಿಟ್ಟು ನಾನೇ ವಾಪಸು ಹೋಗ್ತೀನಿ. ಮಗಳೇ ಬೇಡ ಅಂದ ಮೇಲೆ ನನಗೆ ಇಲ್ಲೇನಿದೆ?"

ಕನ್ಯೆ ನೋಡಿ ಬಂದು ವರದಿ ಒಪ್ಪಿಸುವ ನೆಂಟರನ್ನು ನಾನು ಬಹಳ ನೋಡಿದ್ದೇನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬುದು ಅವರ ಶಾಸ್ತ್ರ. ಇದು ಅಂಥ ಕೆಲಸವಲ್ಲ. ನಾನು ತರುವ ಒಂದು ಮಾತಿನ ಮೇಲೆ ಈ ಹೆಂಗಸು ಆರು ವರ್ಷ ಬೆವರು ಸುರಿಸಿ ಕಟ್ಟಿಕೊಂಡ ಬದುಕನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸಲಿದ್ದಳು. ಆದರೂ ಆಗಲಿ ಎಂದೆ. ನನ್ನ ಮಗುವನ್ನು ಅಷ್ಟು ವರ್ಷ ಎತ್ತಿದವಳಿಗೆ ಇಲ್ಲ ಎನ್ನುವುದಾದರೂ ಹೇಗೆ?

ಅಮೆರಿಕದಿಂದ ಊರಿಗೆ ಹೊರಟವರ ಸೂಟ್‌ಕೇಸು ಎಂದೂ ಅವರದಾಗಿರುವುದಿಲ್ಲ. ಪಿಸ್ಕಾಟವೇಯ ಗೆಳತಿ ತನ್ನತ್ತೆಗೆ ವಿಟಮಿನ್ ಡಬ್ಬಿ ಕೊಟ್ಟಳು, ಇನ್ಯಾರೋ ಕ್ಯಾಮೆರಾ ಕೊಟ್ಟರು. ನಮ್ಮವಳು ಒಂದೇ ಒಂದು ಪೆಟ್ಟಿಗೆ ಕೊಟ್ಟಳು. ಅದರಲ್ಲಿ ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವ ಬೂಟು. ದೊಡ್ಡ ಮಕ್ಕಳ ಅಳತೆಯಲ್ಲಿ ಅಂಥದ್ದು ಸಿಗುವುದೇ ಇಲ್ಲವಂತೆ, ಅಂಗಡಿ ಅಂಗಡಿ ಅಲೆದು ಹುಡುಕಿದ್ದಳು. "ಹತ್ತು ವರ್ಷದವಳಿಗೆ ದೀಪದ ಬೂಟು ಯಾಕೆ ಮಾರಾಯ್ತಿ? ಬದಲಿಸಿ ಒಂದು ಒಳ್ಳೆ ಸ್ವೆಟರ್ ತಗೋ" ಎಂದೆ. "ಇರಲಿ ದೀದಿ" ಎಂದಳು, ಅಷ್ಟೇ.

ದಿಲ್ಲಿಗೆ ನಮ್ಮವ್ವ ಬಂದು ಸೇರಿಕೊಂಡಳು. ಧಾರವಾಡದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಕಾಶಿಗೆ ಹೊರಟವಳ ಉತ್ಸಾಹದಲ್ಲಿದ್ದಳು. ಅಲ್ಲಿಂದ ಹಿಮಾಚಲದ ಮಂಡಿಯವರೆಗೆ ಬಸ್ಸು. ಮಂಡಿಯಿಂದ ಇನ್ನೊಂದು ಸಣ್ಣ ಬಸ್ಸು ಗುಡ್ಡ ಹತ್ತಿ ತಿರುಗಿ ತಿರುಗಿ ನಮ್ಮನ್ನು ನಮ್ಮವಳ ಊರಾದ ರಿವಾಲ್ಸರಿನಲ್ಲಿ ಇಳಿಸಿತು.

ಅಂಥ ಊರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಊರು ಎಂದರೆ ಒಂದು ಕೆರೆ, ಅದರ ಸುತ್ತ ಒಂದು ದಾರಿ, ದಾರಿಯ ಅಂಚಿಗೆ ದೇವರುಗಳು. ಇಲ್ಲಿ ಶಿವನ ಗುಡಿ, ಅಲ್ಲಿ ಗುರುದ್ವಾರ, ನಡುನಡುವೆ ಬಣ್ಣಬಣ್ಣದ ಬೌದ್ಧ ಮಠಗಳು. ಕೆರೆಯ ಮೀನುಗಳನ್ನು ಯಾರೂ ಹಿಡಿಯುವ ಹಾಗಿಲ್ಲ. ಅವು ಕೊಬ್ಬಿ, ಮಂಡಕ್ಕಿ ಎಸೆದರೆ ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ಚಳಿಗಾಲ ಕಳೆಯಲು ಇನ್ನೂ ಮೇಲಿನ ಗುಡ್ಡಗಳಿಂದ ಇಳಿದು ಬಂದ ಮುದುಕಿಯರು ಬಿಸಿಲಿಗೆ ಬೆನ್ನು ಕೊಟ್ಟು ಜಪಮಾಲೆ ಎಣಿಸುತ್ತಿದ್ದರು. ಜೋರಾಗಿ ಮಾತಾಡುತ್ತಿದ್ದವು ಕೋತಿಗಳು ಮಾತ್ರ. ಟ್ರೈನು, ಮೀಟಿಂಗು, ಡೆಡ್‌ಲೈನು ಎಂದು ವರ್ಷಗಟ್ಟಲೆ ಓಡಿದ್ದ ನನಗೆ ಅಲ್ಲಿ ನಿಂತ ಕೂಡಲೇ ನಿದ್ದೆ ಬಂದ ಹಾಗಾಯಿತು. ಅಷ್ಟು ಹಾಯೆನಿಸಿತ್ತು.

"ಎಲ್ಲಾ ದೇವರೂ ಒಂದs ಕೆರಿ ನೀರು ಕುಡದು ಜಗಳಿಲ್ಲದ ಅದಾರ ನೋಡು," ಎಂದಳು ಅವ್ವ. "ನಮ್ಮ ಓಣ್ಯಾಗ ಒಂದು ನಳಕ್ಕ ನಾಕು ಮನಿಯವರು ಬಡದಾಡ್ತಾರ."

ಹುಡುಗಿಯ ಅಜ್ಜಿಯ ಮನೆ ಒಂದು ಮಠದ ಹಿಂದಿನ ಓಣಿಯಲ್ಲಿ, ಒಂದೇ ಕೋಣೆ. ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೇ, ನಮ್ಮವ್ವನಿಗೆ ಅದೂ ಇಲ್ಲ. ನಾನು ನಡುವೆ ಕೂತು ಒದ್ದಾಡುತ್ತಿದ್ದಾಗ ಅವ್ವ ತನ್ನ ಪಾಡಿಗೆ, "ನಮ್ಮ ಮುಂಡಗೋಡದಾಗೂ ಇವರ ಮಂದಿ ಭಾಳ ಅದಾರ. ಚಳಿಗಾಲದಾಗ ಧಾರವಾಡಕ್ಕ ಸ್ವೆಟರ್ ಮಾರಾಕ ಬರ್ತಾರಲ್ಲ" ಎಂದಳು. ಅಜ್ಜಿಯ ಕಿವಿ ನೆಟ್ಟಗಾಯಿತು. "ಮುಂಡಗೋಡ್?" ಎಂದು ಅವ್ವನ ಕೈ ಹಿಡಿದುಕೊಂಡಳು. ಅವಳ ತಮ್ಮ ಅಲ್ಲಿಯ ಮಠದಲ್ಲಿ ಸನ್ಯಾಸಿಯಂತೆ. ಅಷ್ಟು ಸಾಕಾಯಿತು. ಇಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಿಗೆ ಕೂತರು. ಉಪ್ಪು-ಬೆಣ್ಣೆ ಹಾಕಿದ ಚಹಾ ಕೊಟ್ಟಾಗ ಅವ್ವ ಮುಖ ಕಿವುಚದೆ ಕುಡಿದು, ನನ್ನ ಕಡೆ ತಿರುಗಿ, "ಚಾ ಅಂತ ತಿಳಕೋಬ್ಯಾಡ, ಸಾರು ಅಂತ ತಿಳಕೊಂಡು ಕುಡಿ. ರುಚಿ ಐತಿ" ಎಂದಳು.

ಹುಡುಗಿ ಬಾಗಿಲ ಬಳಿ ಕೂತಿದ್ದಳು. ಕೆನ್ನೆ, ಹಣೆ, ಕತ್ತು ಓರೆ ಮಾಡುವ ರೀತಿ, ಎಲ್ಲ ತಾಯಿಯದೇ. ಸ್ಕೂಲು ಹೇಗಿದೆ ಎಂದರೆ "ಠೀಕ್ ಹೈ." ಅಮ್ಮನ ಫೋನ್ ಬರುತ್ತಾ ಎಂದರೆ "ಹಾಂ ಜೀ." ಅಮ್ಮನಿಗೆ ಏನಾದರೂ ಹೇಳಬೇಕಾ ಎಂದರೆ "ನಹೀಂ." ಫೋನಿನಲ್ಲಿ ಸಿಗುತ್ತಿದ್ದ ಮೂರು ಮಾತೇ ಎದುರಿಗೂ ಸಿಕ್ಕವು. ಅಷ್ಟು ದೂರ ಬಂದದ್ದು ಇದಕ್ಕೇ ಏನು ಎಂದು ನನಗೆ ಒಳಗೊಳಗೇ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಬೂಟಿನ ಪೆಟ್ಟಿಗೆ ಕೊಟ್ಟೆ. ತೆರೆದು ನೋಡಿದಳು. ಒಂದು ಬೂಟನ್ನು ತೆಗೆದು ನೆಲಕ್ಕೆ ಮೆಲ್ಲನೆ ಕುಟ್ಟಿದಳು. ದೀಪ ಹತ್ತಿತು. ಅವಳ ಮುಖ ಬಿಗಿಯಿತು. ಬೂಟನ್ನು ಮೊದಲಿದ್ದ ಹಾಗೇ ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಮಂಚದ ಕೆಳಗೆ ನೂಕಿದಳು. ಇಷ್ಟವಾಗಲಿಲ್ಲ, ನಾನು ಹೇಳಿದ ಹಾಗೆ ಸ್ವೆಟರೇ ವಾಸಿಯಿತ್ತು ಎಂದುಕೊಂಡೆ.

ಸಂಜೆ ಅಜ್ಜಿ ಕೆರೆಯ ಸುತ್ತು ಹಾಕಲು ಹೊರಟಳು. ದಿನಾ ಹೋಗುತ್ತಾಳೆ, ಹುಡುಗಿಯೂ ಜೊತೆಗೆ. ನಾವೂ ಹೊರಟೆವು. ದಾರಿಗೆ ಇಳಿದದ್ದೇ ತಡ, ನನ್ನ ಮಗಳು ಯಾರೂ ಹೇಳದೆ ಕೆರೆ ಬಲಗೈಗೆ ಬರುವ ಹಾಗೆ ತಿರುಗಿ, ತನ್ನದೇ ಊರು ಎಂಬಂತೆ ಮುಂದೆ ಮುಂದೆ ನಡೆದಳು. ಎಲ್ಲರೂ ಒಂದೇ ಕಡೆಗೆ ನಡೆಯುತ್ತಿರುವುದನ್ನು ಕಂಡು ಅವಳಿಗೆ ಪರಮ ಸಂತೋಷ. "ಸೀ, ಅಮ್ಮಾ? ದಿಸ್ ವೇ" ಎಂದು ನನಗೆ ಬುದ್ಧಿ ಹೇಳಿದಳು. ಅಲ್ಲಲ್ಲಿ ಬಗ್ಗಿ ಕಲ್ಲು ಆರಿಸಿ ಜೇಬಿಗೆ ಹಾಕತೊಡಗಿದಳು. ಇಲ್ಲಿಗೂ ಬಂತೇ ಈ ಚಾಳಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೋಡುತ್ತೇನೆ, ಹುಡುಗಿಯೂ ಬಗ್ಗಿ ಒಂದು ಕಲ್ಲು ಆರಿಸಿಕೊಂಡಳು.

ದಾರಿಯ ಒಂದು ತಿರುವಿನಲ್ಲಿ ಮರದಡಿ ಒಂದು ಮೋಟುಗೋಡೆ. ಅದರ ಮೇಲೆ ಸಣ್ಣ ಸಣ್ಣ ಕಲ್ಲುಗಳ ಗುಪ್ಪೆ. ಹುಡುಗಿ ತನ್ನ ಕಲ್ಲನ್ನು ಅಲ್ಲಿಟ್ಟಳು. ನನ್ನ ಮಗಳು ತುದಿಗಾಲಲ್ಲಿ ನಿಂತು ತನ್ನದೊಂದನ್ನು ಇಟ್ಟಳು. ಮತ್ತೆ ಜೇಬಿಗೆ ಕೈ ಹಾಕಿ ಇನ್ನೊಂದನ್ನು ತೆಗೆದು, ಅದರ ಪಕ್ಕಕ್ಕೇ, ಅಂಟಿಸಿದ ಹಾಗೆ ಜೋಡಿಸಿದಳು.

"ಒಬ್ಬರಿಗೆ ಒಂದೇ" ಎಂದಳು ಹುಡುಗಿ, ಸ್ಕೂಲಿನ ಇಂಗ್ಲಿಷಿನಲ್ಲಿ. ಬಂದಾಗಿನಿಂದ ಅವಳಾಗಿ ಆಡಿದ ಮೊದಲ ಮಾತು ಅದು.

"ಇದು ನನ್ನದು, ಅದು ಅಕ್ಕಂದು" ಎಂದಳು ನನ್ನ ಮಗಳು, ಅವಳೂ ಇಂಗ್ಲಿಷಿನಲ್ಲೇ.

"ಯಾವ ಅಕ್ಕ?"

"ದೂರ ಇರೋ ಅಕ್ಕ. ಅವಳು ದೂರ ಇದ್ದಾಳೆ, ಅದಕ್ಕೆ ಅವಳದ್ದು ನಾವಿಡಬೇಕು. ಎವ್ರಿ ಡೇ."

ಹುಡುಗಿ ನನ್ನ ಕಡೆ ತಿರುಗಿದಳು. ಆ ಅಕ್ಕ ಇವಳೇ ಎಂದು ನನಗೆ ಆಗ ಹೊಳೆಯಿತು. ಹೋಬೋಕನ್ನಿನ ಪಾರ್ಕಿನ ತಿರುವಿನಲ್ಲೂ ಇಂಥದೇ ಒಂದು ಮೋಟುಗೋಡೆಯಿತ್ತು; ಆ ಗೋಡೆ, ಜೇಬುಗಳು, ಮೆಷಿನ್ನಿನ ಗಡಗಡ, ಎಲ್ಲ ಒಟ್ಟಿಗೇ ನೆನಪಾದವು.

"ಅಮ್ಮ ದಿನಾ ಇಡಿಸ್ತಾಳಾ ಆಂಟಿ?" ಎಂದು ಹಿಂದಿಯಲ್ಲಿ ಕೇಳಿದಳು.

"ದಿನಾ."

"ಮಳೆ ಬಂದರೆ?"

"ಮಳೆ ಬಂದರೂ. ಹಿಮ ಬಿದ್ದರೂ. ನಾನು ಬೇಡ ಅಂದರೂ."

"ಅಲ್ಲಿ ಕೆರೆ ಇದೆಯಾ?"

"ಇಲ್ಲ. ಒಂದು ಪಾರ್ಕು, ಒಂದು ಚರ್ಚು. ಅದಕ್ಕೇ ಸುತ್ತು ಬರ್ತಾಳೆ."

ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಇಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಮೂರು ಮಾತಿನ ಹುಡುಗಿಯ ಬಾಯಿಂದ ಆರು ವರ್ಷದ ಮಾತು ಹೊರಬಿತ್ತು. "ಹಾಗಾದರೆ ನನಗೆ ಯಾಕೆ ಹೇಳಲಿಲ್ಲ? ಫೋನ್ ಮಾಡಿದರೆ ಓದು, ಅಜ್ಜಿ ಮಾತು ಕೇಳು, ಜ್ವರ ಬಂತಾ, ಇಷ್ಟೇ. ಹೋಗುವಾಗಲೂ ಹೇಳಲಿಲ್ಲ. ಮಂಡಿಗೆ ಹೋಗಿ ದೀಪದ ಬೂಟು ತರ್ತೀನಿ ಅಂದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪ್ರತಿ ಬಸ್ಸೂ ನೋಡಿದೆ."

ಬೂಟು ಬದಲಿಸು ಎಂದ ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ. ಅವ್ವನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಬಂದು ಹುಡುಗಿಯ ತಲೆಯನ್ನು ತನ್ನ ಸೀರೆಗೆ ಒತ್ತಿಕೊಂಡಳು. "ಅಳವಾ, ಅಳು. ಅತ್ತರ ಹಗುರಾಗತೈತಿ" ಎಂದಳು. ಅದೇನು ಅರ್ಥವಾಯಿತೋ, ಹುಡುಗಿ ಚೆನ್ನಾಗಿ ಅತ್ತಳು. ಅಜ್ಜಿ ಸ್ವಲ್ಪ ದೂರದಲ್ಲಿ ಜಪಮಾಲೆ ಹಿಡಿದು ಕೆರೆ ನೋಡುತ್ತ ನಿಂತಿದ್ದಳು. ನನ್ನ ಮಗಳು ಮಾತ್ರ, ತಾನಿಟ್ಟ ಎರಡನೇ ಕಲ್ಲನ್ನು ಗೋಡೆಯಿಂದ ತೆಗೆದು, "ಹಾಗಾದ್ರೆ ಇದು ನಿನ್ನದೇ. ನೀನೇ ಇಡು" ಎಂದು ಅವಳ ಕೈಗೆ ಕೊಟ್ಟಳು. ಹುಡುಗಿ ಅದನ್ನು ಗೋಡೆಯ ಮೇಲಿಡಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಉಳಿದ ಸುತ್ತು ಮುಗಿಸಿದಳು.

ನಾವು ಹೊರಡುವ ಬೆಳಿಗ್ಗೆ ಅಜ್ಜಿ ನಮ್ಮ ಮೂವರ ಕೊರಳಿಗೂ ಬಿಳಿ ರೇಷ್ಮೆಯ ವಸ್ತ್ರ ಹಾಕಿದಳು. ಹುಡುಗಿ ಒಬ್ಬಳೇ ಬಸ್ಸಿನವರೆಗೆ ಬಂದಳು. ಕೇಳಬಾರದು ಎಂದುಕೊಂಡಿದ್ದೆ. ಅವಳೇ ಶುರು ಮಾಡಿದಳು.

"ಆಂಟಿ, ನಾನು ಬರಲ್ಲ ಅಂತ ಹೇಳಿ. ಯಾರ ಜೊತೆಗೋ ನನ್ನನ್ನ ತರಿಸಿಕೊಳ್ಳೋದು ಬೇಡ. ಅವಳೇ ಬರಲಿ. ಬಂದು ನನ್ನ ಜೊತೆ ಕೆರೆಗೆ ಒಂದು ಸುತ್ತು ಹಾಕಲಿ. ಆಮೇಲೆ ಹೇಳ್ತೀನಿ."

"ಬೂಟು?"

"ಅವಳು ಬಂದ ಮೇಲೆ ಹಾಕ್ಕೋತೀನಿ" ಎಂದು ಹೇಳಿ, ಬಸ್ಸು ಹೊರಡುವ ಮುಂಚೆಯೇ ತಿರುಗಿ ನಡೆದುಬಿಟ್ಟಳು. ಆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಹೋಗುವುದನ್ನು ನೋಡುವುದು ಅವಳಿಗೆ ಬೇಕಿರಲಿಲ್ಲ.

ವಾಪಸು ಬರುವಾಗ ವಿಮಾನದ ಉದ್ದಕ್ಕೂ ನನಗೆ ಇದೇ ಯೋಚನೆ. ನೋಡಿ ಬಾ ಎಂದಿದ್ದಳು, ನೋಡಿ ಬಂದೆ. ಬರಲ್ಲ ಎಂದಿದ್ದಾಳೆ. ಹಾಗೇ ಹೇಳಿದರೆ ಈ ಹೆಂಗಸು ಮರುದಿನವೇ ಟಿಕೆಟ್ ಮಾಡಿಸಿ, ಗೆದ್ದ ಕೇಸನ್ನೂ ಬಿಟ್ಟು ಹೊರಟುಬಿಡುತ್ತಾಳೆ. ಸ್ವಲ್ಪ ಮೆತ್ತಗೆ ಮಾಡಿ, ಬರ್ತಾಳೆ, ಇನ್ನೂ ಚಿಕ್ಕವಳು, ಸಮಯ ಬೇಕು ಎಂದರೇನು? ಸುಳ್ಳೂ ಅಲ್ಲ, ನಿಜವೂ ಅಲ್ಲ. ದಿಲ್ಲಿಯಲ್ಲಿ ಬೀಳ್ಕೊಡುವಾಗ ಅವ್ವ ನನ್ನ ಮನಸ್ಸು ಓದಿದವಳ ಹಾಗೆ ಹೇಳಿದ್ದಳು: "ಆ ಹುಡುಗಿ ಹೆಂಗ ಹೇಳ್ಯಾಳೋ ಹಂಗs ಹೇಳು. ನಿನ್ನ ಮಸಾಲಿ ಹಾಕಬ್ಯಾಡ."

ಸೋಮವಾರ ಬೆಳಿಗ್ಗೆ ಅವಳು ಬಂದಳು. ಮಗು ಓಡಿ ಹೋಗಿ ಅವಳ ಕೊರಳಿಗೆ ಬಿತ್ತು. ಮಗುವನ್ನು ಎತ್ತಿಕೊಂಡೇ ನನ್ನ ಮುಖ ನೋಡಿದಳು. ಕೋಟು ಬಿಚ್ಚಿರಲಿಲ್ಲ.

"ಬರಲ್ಲ ಅಂದಳು" ಎಂದೆ.

ಅವಳು ತಲೆಯಾಡಿಸಿದಳು. ಮಗುವನ್ನು ಕೆಳಗಿಳಿಸಿದಳು. ಕೆರೆ, ಗೋಡೆ, ಕಲ್ಲು, ಬೂಟು, ಬಸ್ ಸ್ಟ್ಯಾಂಡು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಕೊನೆಗೆ ಹುಡುಗಿಯ ಮಾತನ್ನು ಅವಳದೇ ಹಿಂದಿಯಲ್ಲಿ, ಒಂದಕ್ಷರ ಆಚೀಚೆ ಮಾಡದೆ ಒಪ್ಪಿಸಿದೆ.

"ನಾನೇ ಬರಲಿ ಅಂದಳಾ?" ಎಂದಳು ಅವಳು.

"ಹೂಂ."

"ಅವಳ ಬಾಯಲ್ಲೇ? ನನ್ನಮ್ಮ ಹೇಳಿಕೊಟ್ಟದ್ದಲ್ಲ ತಾನೇ?"

"ಅಜ್ಜಿ ಅಲ್ಲಿರಲೇ ಇಲ್ಲ. ಅವಳೇ ಅಂದದ್ದು."

ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಹೆದರಿ ಪಕ್ಕದಲ್ಲಿ ಕೂತೆ. "ಬೇಜಾರು ಮಾಡ್ಕೋಬೇಡ, ಚಿಕ್ಕ ಹುಡುಗಿ, ಸಿಟ್ಟಿನಲ್ಲಿ..." ಎಂದು ಏನೇನೋ ಹೇಳಹೊರಟೆ. ಅವಳು ತಲೆ ಎತ್ತಿದಾಗ ನೋಡಿದರೆ ಮುಖದ ತುಂಬ ನಗು.

"ನಾನು ಬಂದಾಗಿನಿಂದ ಪ್ರತಿ ಫೋನಿನಲ್ಲೂ ಕಾದಿದ್ದೀನಿ ದೀದಿ" ಎಂದಳು. "ಒಂದು ಸಲವೂ ಬಾ ಅಂದಿರಲಿಲ್ಲ. ಇವತ್ತು ಕರೆದಳು."

ನಾನು ಇಡೀ ಸಮುದ್ರ ದಾಟಿ ಹೊತ್ತು ತಂದದ್ದು ಬೇಡ ಎಂಬ ಮಾತು ಅಂದುಕೊಂಡಿದ್ದೆ. ತಾಯಿಯ ಕಿವಿಗೆ ಅದು ಹಾಗೆ ಕೇಳಲೇ ಇಲ್ಲ. ಅವಳು ಎದ್ದು ಮುಖ ತೊಳೆದುಕೊಂಡಳು. ಮಗುವಿಗೆ ಟೋಪಿ ಹಾಕಿ ಸುತ್ತು ಹೊರಟಳು. ನಾನು ಆಫೀಸಿಗೆ ತಡವಾಗಿ ಹೋದೆ.

ಅವಳು ವಾಪಸು ಹೋಗಿಬಿಡುವ ಮಾತು ಅಲ್ಲಿಗೇ ನಿಂತಿತು. ಓಡಾಟದ ಕಾಗದಕ್ಕೆ ಅರ್ಜಿ ಹಾಕಿ, ಲಾಯರನ್ನು ಬೆನ್ನುಬಿದ್ದು, ಅದು ಕೈಗೆ ಬರುವವರೆಗೆ ಕಾದಳು. ಬಂದ ಮೇಲೆ ರಜೆ ಕೇಳಿದಳು. "ರಜೆ ಏನು ಕೇಳ್ತೀಯ, ಹೊರಡು" ಎಂದೆ. ಅವಳು ಹೋದ ದಿನದಿಂದ ಮಗಳನ್ನು ನಾನೇ ಸುತ್ತು ಹಾಕಿಸಿದೆ, ಪ್ರದಕ್ಷಿಣೆಯ ದಿಕ್ಕಿನಲ್ಲೇ.

ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. ಹಿಂದೆ ಕೋತಿಗಳ ಗಲಾಟೆ ಕೇಳುತ್ತಿತ್ತು, ಯಾವುದೋ ಮಠದ ಗಂಟೆ ಕೇಳುತ್ತಿತ್ತು.

"ಒಂದು ಸುತ್ತು ಮುಗೀತು ದೀದಿ" ಎಂದಳು. ಏದುಸಿರು ಬಿಡುತ್ತಿದ್ದಳು.

"ಏನಂದಳು? ಬರ್ತಾಳಂತಾ?"

ಅವಳು ಉತ್ತರ ಹೇಳುವಷ್ಟರಲ್ಲಿ ಪಕ್ಕದಲ್ಲೇ ಒಂದು ಹುಡುಗಿಯ ದನಿ, "ಇನ್ನೊಂದು ಸುತ್ತು" ಎಂದು ಹಟ ಮಾಡುತ್ತಿತ್ತು.

"ಆಮೇಲೆ ಮಾತಾಡ್ತೀನಿ ದೀದಿ, ಕರೀತಿದ್ದಾಳೆ" ಎಂದು ಫೋನಿಟ್ಟುಬಿಟ್ಟಳು.